ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿ: ರೇಟು ಯಾಕೆ ಅಂತ ಹೇಳುತ್ತಾರೆ, ಬಿಲ್ಲು ಮಾತ್ರ ನೋಡಿಕೊಳ್ಳಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮೊಬೈಲ್ ಅಂಗಡಿಗಳಿಗೇನು ಬರ ಇಲ್ಲ. ಅಲ್ಲಿ ಒಂದರಲ್ಲಿ ಅಪ್ಪನಿಗೆ ಫೋನ್ ಕೊಂಡೆವು. ಹೆಸರು ಬೇಡ ಬಿಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಕೈಗಿಟ್ಟ 5ಜಿ ಫೋನಿಗೆ 20,000 ರೂಪಾಯಿ. ಅಪ್ಪ ಕೂಡಲೇ ತೊಗರಿ ಲೆಕ್ಕ ಹಾಕಿದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ಹಿಡಿದರೂ ಎರಡೂವರೆ ಕ್ವಿಂಟಲ್ ಹೋಯಿತು. "ಅಂಗೈಯಷ್ಟು ಸಾಮಾನಿಗೆ ಇಷ್ಟು ರೊಕ್ಕ ಯಾಕಪ್ಪಾ ತಮ್ಮಾ?" ಅಂತ ಕೌಂಟರಿನ ಹುಡುಗನನ್ನೇ ಕೇಳಿಬಿಟ್ಟರು.

ಹುಡುಗ ಬೇಜಾರಾಗಲಿಲ್ಲ. "ಕಾಕಾ, ಇದರಾಗ ಮೂರು ಸಾವಿರ ಚಿಲ್ಲರೆ ಸರ್ಕಾರದ್ದೇ ಅದರಿ" ಅಂದ. ಲೆಕ್ಕ ಸರಿಯೇ. ಫೋನಿಗೆ 18% ಜಿಎಸ್‌ಟಿ, ಮೊದಲು 12% ಇತ್ತು, 2020ರ ಏಪ್ರಿಲ್‌ನಲ್ಲಿ ಏರಿಸಿದರು. 2025ರಲ್ಲಿ ಏಸಿಗೆ, ದೊಡ್ಡ ಟಿವಿಗೆ ತೆರಿಗೆ ಇಳಿಯಿತು, ಫೋನಿಗೆ ಇಳಿಯಲಿಲ್ಲ. ಉಳಿದ ರೊಕ್ಕದಲ್ಲಿ ದೊಡ್ಡ ಪಾಲು ಚಿಪ್ಪು, ಸ್ಕ್ರೀನು, ಮೆಮೊರಿ, ಕ್ಯಾಮೆರಾಕ್ಕೆ ಹೋಗುತ್ತದೆ. ಜೋಡಿಸುವುದು ನೋಯ್ಡಾದಲ್ಲೋ ತಮಿಳುನಾಡಿನಲ್ಲೋ ಇರಬಹುದು, ಆದರೆ ಚಿಪ್ಪು ಜಾಸ್ತಿ ತೈವಾನಿನದು, ಮೆಮೊರಿ ಜಾಸ್ತಿ ಕೊರಿಯಾದ್ದು, ವ್ಯಾಪಾರವೆಲ್ಲ ಡಾಲರ್‌ನಲ್ಲಿ, ಹಾಗಾಗಿ ರೂಪಾಯಿ ಇಳಿದರೆ ಇಲ್ಲಿ ರೇಟು ಏರುತ್ತದೆ. ಸಾಲದ್ದಕ್ಕೆ ಈಗ ಎಐ ಡೇಟಾ ಸೆಂಟರ್‌ಗಳು ಮೆಮೊರಿಗೆ ಮುಗಿಬಿದ್ದಿವೆ, ಅದರ ಬಿಸಿ ಫೋನಿಗೂ ತಟ್ಟಿದೆ. 4ಜಿ, 5ಜಿ ಪೇಟೆಂಟ್ ಇಟ್ಟುಕೊಂಡ ಕಂಪನಿಗಳಿಗೂ ಒಂದು ಪಾಲು ಹೋಗುತ್ತದೆ (ಇದು ಹುಡುಗ ಹೇಳಿದ್ದಲ್ಲ, ನಾನು ಸೇರಿಸಿದ್ದು).

ನನಗೆ ಹಿಡಿಸಿದ್ದು ಆಮೇಲಿನ ಮಾತು. "ನಿಮ್ಮ ವಾಟ್ಸಾಪಿಗೆ, ಯೂಟ್ಯೂಬಿಗೆ 8 ಜಿಬಿ ರ‍್ಯಾಮ್ ಯಾಕ್ರಿ ಕಾಕಾ, 6 ಸಾಕು" ಅಂತ ಕಡಿಮೆ ರೇಟಿನದು ತೆಗೆದಿಟ್ಟ. ಮಾರುವವನು ಹೀಗೆ ಹೇಳುವುದು ಅಪರೂಪ ಅಲ್ವಾ? ಅದನ್ನೇ ತಗೊಂಡೆವು. ಫೋನ್ ಚೆನ್ನಾಗಿದೆ, ಬ್ಯಾಟರಿ ರಾತ್ರಿವರೆಗೂ ಬರುತ್ತದೆ.

ಆದರೆ ಬಿಲ್ಲಿನ ಮೇಜಿನಲ್ಲಿ ಕಥೆಯೇ ಬೇರೆ. ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲದ ಕಂತು, ಅಂತ ದೊಡ್ಡದಾಗಿ ಬೋರ್ಡು, ಕೆದಕಿ ಕೇಳಿದರೆ ಪ್ರೊಸೆಸಿಂಗ್ ಫೀ ಇದೆ, ಆ ಫೀ ಮೇಲೂ ಜಿಎಸ್‌ಟಿ ಇದೆ. ಡಬ್ಬಿಯಲ್ಲಿ ಚಾರ್ಜರ್ ಇಲ್ಲ ಅನ್ನುವುದನ್ನು ರೊಕ್ಕ ಎಣಿಸುವಾಗ ಹೇಳಿದರು. ಟೆಂಪರ್ಡ್ ಗ್ಲಾಸ್ ಅಂತೂ ಕೇಳದೆಯೇ ಅಂಟಿಸಿ ಬಿಲ್ಲಿಗೆ ಸೇರಿಸಿದ್ದರು, ಸುಮ್ನೆ ಕೂತಿದ್ದರೆ ಅದೂ ಹೋಗುತ್ತಿತ್ತು, ಜಗಳ ಮಾಡಿ ತೆಗೆಸಿದೆ. ಮಾಲೀಕರು ಮುಖ ಗಂಟಿಕ್ಕಿದರು, ಇಕ್ಕಲಿ.

5ಕ್ಕೆ 3 ಕೊಡುತ್ತೇನೆ, ಆ ಮೂರೂ ಹುಡುಗನಿಗೆ. ಆ ಸಾಲಿನಲ್ಲಿ ಎಲ್ಲಿ ಕೊಂಡರೂ ಕ್ಯಾಶ್ ರೇಟು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಜಿಎಸ್‌ಟಿ ಬಿಲ್ಲು ಕೈಗೆ ಬರದೆ ಮೆಟ್ಟಿಲು ಇಳಿಯಬೇಡಿ.