ಆಂಪ್ಲಿಫೈಯರ್ ರಿಪೇರಿಗೆ ಕ್ಯೂಎ403: ಮಡಿಕೇರಿಯಿಂದ ಒಂದು ವಿಮರ್ಶೆ

ಮಡಿಕೇರಿ ದಸರಾ ಮಂಟಪಗಳಿಗೂ ಮದುವೆಗಳಿಗೂ ಆಂಪ್ಲಿಫೈಯರ್ ಬಾಡಿಗೆಗೆ ಕೊಡುವವರು ರಿಪೇರಿಗೆ ತಂದಾಗ ಹೇಳುವ ದೂರು ಹೆಚ್ಚಾಗಿ ಒಂದೇ: "ಸೌಂಡ್ ಒಡೆಯುತ್ತಿದೆ." ಯಾವ ಭಾಗದಿಂದ ಒಡೆಯುತ್ತಿದೆ ಎಂದು ತಿಳಿಯಲು ಡಿಸ್ಟಾರ್ಷನ್, ಅಂದರೆ ಮೂಲ ಸ್ವರಕ್ಕೆ ಆಂಪ್ಲಿಫೈಯರ್ ಸೇರಿಸುವ ವಿಕೃತಿಯನ್ನು ಅಳೆಯಬೇಕು. ಅದಕ್ಕೆ ನಾನು ಬಳಸುತ್ತಿರುವುದು ಅಮೆರಿಕದ ಕ್ವಾಂಟ್‌ಅಸೈಲಮ್ ಕಂಪನಿಯ ಕ್ಯೂಎ403 ಆಡಿಯೊ ಅನಲೈಸರ್.

ಕೊಳ್ಳುವವರು ಮೊದಲು ಹುಡುಕುವುದು ಅತ್ಯಂತ ಕಡಿಮೆ ಡಿಸ್ಟಾರ್ಷನ್ ಅಳೆಯಬಲ್ಲ ಉಪಕರಣವನ್ನು. ಆದರೆ ಡಿಸ್ಟಾರ್ಷನ್ ಮೂಲ ಸ್ವರಕ್ಕೆ ಹೋಲಿಸಿದರೆ ಮೈನಸ್ 60 ಡಿಬಿ (ಡೆಸಿಬೆಲ್) ಎಂದರೆ ಶೇ 0.1, ಮೈನಸ್ 80 ಎಂದರೆ ಶೇ 0.01, ಬಾಡಿಗೆ ಆಂಪ್ಲಿಫೈಯರ್‌ಗಳ ರಿಪೇರಿಗೆ ಇಷ್ಟು ಸೂಕ್ಷ್ಮತೆ ಸಾಕು, ಇದನ್ನು ಒಳ್ಳೆಯ ಸೌಂಡ್ ಕಾರ್ಡ್ ಮತ್ತು ಉಚಿತವಾಗಿ ಸಿಗುವ, ಆಡಿಯೊ ಅಳೆಯುವ ಆರ್‌ಇಡಬ್ಲ್ಯು ತಂತ್ರಾಂಶವೂ ಅಳೆಯಬಲ್ಲವು. ತೊಡಕಿರುವುದು ವೋಲ್ಟೇಜಿನಲ್ಲಿ. 8 ಓಮ್ ಲೋಡಿಗೆ 100 ವಾಟ್ ಕೊಡುವ ಆಂಪ್ಲಿಫೈಯರಿನ ಔಟ್‌ಪುಟ್ 28 ವೋಲ್ಟ್ ದಾಟುತ್ತದೆ. ಅದನ್ನು ನೇರವಾಗಿ ಕೊಟ್ಟರೆ ಸೌಂಡ್ ಕಾರ್ಡ್ ಸುಟ್ಟುಹೋಗಬಹುದು. ಕ್ಯೂಎ403ರ ಒಳಗೇ ಅಟೆನ್ಯುಯೇಟರ್ (ವೋಲ್ಟೇಜ್ ತಗ್ಗಿಸುವ ಭಾಗ) ಇರುವುದರಿಂದ ಅದು ಸುಮಾರು 40 ವೋಲ್ಟ್ ಆರ್‌ಎಂಎಸ್‌ವರೆಗೆ, ಅಂದರೆ 8 ಓಮ್‌ನಲ್ಲಿ ಹೆಚ್ಚುಕಡಿಮೆ 200 ವಾಟ್‌ವರೆಗೆ ತಡೆದುಕೊಳ್ಳುತ್ತದೆ. ಅದಕ್ಕೂ ದೊಡ್ಡ ಆಂಪ್ಲಿಫೈಯರಿಗೆ ಹೊರಗೆ ವೋಲ್ಟೇಜನ್ನು ಭಾಗಿಸಿ ತಗ್ಗಿಸುವ ರೆಸಿಸ್ಟರ್ ಡಿವೈಡರ್ ಕಟ್ಟಿಕೊಳ್ಳಲೇಬೇಕು.

ನನಗೆ ಬಹಳ ಮೆಚ್ಚುಗೆಯಾದದ್ದು ಕ್ಯೂಎ403 ತೋರಿಸುವ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ. ಹಳೆಯ ಎಚ್‌ಪಿ 339ಎ, 8903ಬಿಯಂಥ ಉಪಕರಣಗಳು ಮೂಲ ಸ್ವರವನ್ನು ತೆಗೆದುಹಾಕಿ, ಉಳಿದ ಹಮ್, ನಾಯ್ಸ್, ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಎರಡು, ಮೂರು ಪಟ್ಟು ಹೀಗೆ ಆವರ್ತನವಿರುವ ಸ್ವರಗಳು) ಒಟ್ಟುಗೂಡಿಸಿ ಒಂದೇ ಅಂಕಿಯಾಗಿ ಕೊಡುತ್ತವೆ. ಇಲ್ಲಿಯಾದರೋ ಅವೆಲ್ಲ ಬೇರೆಬೇರೆಯಾಗಿ ಕಾಣಿಸುತ್ತವೆ: 100 ಹರ್ಟ್ಸ್‌ನಲ್ಲಿ ಗೆರೆ ಎದ್ದಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿರುವ ಶಂಕೆ ಮೂಡುತ್ತದೆ, 1 ಕಿಲೋಹರ್ಟ್ಸ್ ಸ್ವರ ಕೊಟ್ಟಾಗ 3, 5, 7 ಕಿಲೋಹರ್ಟ್ಸ್‌ಗಳಲ್ಲಿ ಗೆರೆಗಳು ಎದ್ದು, ವಾಲ್ಯೂಮ್ ಇಳಿಸಿದಂತೆ ಅವುಗಳ ಪ್ರಮಾಣ ಹೆಚ್ಚುತ್ತ ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬಯಾಸ್ (ಸ್ವರವಿಲ್ಲದಾಗಲೂ ಹರಿಯುವ ಸಣ್ಣ ಕರೆಂಟ್) ಪರೀಕ್ಷಿಸಬೇಕು. ರಿಪೇರಿ ಮಾಡುವವನಿಗೆ ಬೇಕಾದದ್ದು ಈ ಸುಳಿವು.

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕಡೆ ಕರೆಂಟ್ ನೆಚ್ಚಿ ಕೆಲಸ ಮಾಡುವಂತಿಲ್ಲ. ಈ ಉಪಕರಣ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೆಯುವುದರಿಂದ, ಪ್ರಿಆಂಪ್, ಮಿಕ್ಸರ್‌ನಂಥ ಚಿಕ್ಕ ಸಾಧನಗಳ ಅಳತೆಯನ್ನು ಇನ್ವರ್ಟರ್ ಮೇಲೆಯೇ ಮುಗಿಸಬಹುದು. ಉಪಕರಣ ಮತ್ತು ಕಂಪ್ಯೂಟರಿನ ನಡುವೆ ವಿದ್ಯುತ್ ಸಂಪರ್ಕವಿಲ್ಲದಂತೆ ಐಸೊಲೇಶನ್ ಇದೆ; ಗ್ರೌಂಡ್ ಲೂಪಿನ (ಎರಡು ದಾರಿಗಳಲ್ಲಿ ಗ್ರೌಂಡ್ ಕೂಡುವುದರ) ಹಮ್ ಅಳತೆಯೊಳಗೆ ನುಸುಳುವ ತೊಂದರೆ ಇದರಿಂದ ಬಹಳ ಕಡಿಮೆಯಾಗುತ್ತದೆ.

ಕೊರತೆಗಳೂ ಇವೆ. ಕಂಪನಿಯ ತಂತ್ರಾಂಶ ವಿಂಡೋಸ್‌ಗೆ ಮಾತ್ರ. ವಿದೇಶದಿಂದ ತರಿಸುವಾಗ ಬೆಲೆಯ ಮೇಲೆ ಸುಂಕವೂ ಜಿಎಸ್‌ಟಿಯೂ ಸೇರುತ್ತವೆ, ಆದ್ದರಿಂದ ತಿಂಗಳಿಗೆ ಒಂದೆರಡು ಆಂಪ್ಲಿಫೈಯರ್ ಮಾತ್ರ ನೋಡುವವರಿಗೆ ಸೌಂಡ್ ಕಾರ್ಡ್ ಮತ್ತು ಡಿವೈಡರ್ ಸಾಕೆಂದೇ ನನ್ನ ಅಭಿಪ್ರಾಯ. ವೇಗವಾಗಿ ಸ್ವಿಚ್ ಆಗುತ್ತ ನಡೆಯುವ ಕ್ಲಾಸ್ ಡಿ ಆಂಪ್ಲಿಫೈಯರ್ ಅಳೆಯುವವರು ಸ್ವಿಚಿಂಗ್ ಅವಶೇಷವನ್ನು ತಡೆಯುವ ಲೋಪಾಸ್ ಫಿಲ್ಟರನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು. ಆಂಪ್ಲಿಫೈಯರ್ ಬ್ರಿಡ್ಜ್ ಮಾದರಿಯದಾದರೆ (ಸ್ಪೀಕರಿನ ಎರಡೂ ತುದಿಗಳಿಗೆ ಸಿಗ್ನಲ್ ಕೊಡುವುದಾದರೆ) ಎರಡು ಸ್ಪೀಕರ್ ತುದಿಗಳಲ್ಲಿ ಯಾವುದನ್ನೂ ಗ್ರೌಂಡಿಗೆ ಜೋಡಿಸದೆ, ಕ್ಯೂಎ403ರ ಪ್ಲಸ್ ಮತ್ತು ಮೈನಸ್ ಇನ್‌ಪುಟ್‌ಗಳೆರಡನ್ನೂ ಬಳಸಬೇಕು. ಜೊತೆಗೆ, ಆಂಪ್ಲಿಫೈಯರಿನ ಪೂರ್ತಿ ವಾಟ್ ತಾಳುವ 8 ಓಮ್ ಡಮ್ಮಿ ಲೋಡನ್ನು (ಸ್ಪೀಕರ್ ಬದಲಿಗೆ ಜೋಡಿಸುವ ರೆಸಿಸ್ಟರ್) ಹೀಟ್‌ಸಿಂಕ್ ಸಹಿತ ಮೊದಲೇ ತರಿಸಿಟ್ಟುಕೊಳ್ಳಿ.