ಸ್ಟೀಮ್ ಡೆಕ್: ಮೆಟ್ರೋದಲ್ಲಿ ಕೂತು ಕೋಚ್ ಆದವನ ವಿಮರ್ಶೆ

ಸ್ಟೀಮ್ ಡೆಕ್ ಅಂದರೆ ಕೈಯಲ್ಲಿ ಹಿಡಿದು ಕಂಪ್ಯೂಟರ್ ಗೇಮ್ ಆಡುವ ಪುಟ್ಟ ಮಷೀನ್. ಅದರ ಬಗ್ಗೆ ವಿಡಿಯೋ ಮಾಡುವವರೆಲ್ಲ ದೊಡ್ಡ ದೊಡ್ಡ ಗೇಮ್‌ಗಳನ್ನೇ ಓಡಿಸಿ ತೋರಿಸುತ್ತಾರೆ. ಎಷ್ಟು ಫ್ರೇಮ್ ಬಂತು, ಎಷ್ಟು ಬಿಸಿಯಾಯ್ತು ಅಂತ. ನಿಮಗೆ ಅದು ಬೇಕಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಿ. ನನ್ನ ಡೆಕ್ ಇರುವುದು ಒಂದೇ ಒಂದು ಆಟಕ್ಕೆ: ಫುಟ್‌ಬಾಲ್ ಮ್ಯಾನೇಜರ್ 2024. ಅದರಲ್ಲಿ ಗೋಲು ಹೊಡೆಯೋದು ನಾವಲ್ಲ, ನಾವು ಕೋಚ್. ಆಟಗಾರರನ್ನು ಕೊಳ್ಳಬೇಕು, ತಂಡ ಆರಿಸಬೇಕು, ಪತ್ರಕರ್ತರ ಅಡ್ಡಪ್ರಶ್ನೆಗೆ ಉತ್ತರ ಹೇಳಬೇಕು, ಸೋತರೆ ಆಡಳಿತ ಮಂಡಳಿಯಿಂದ ಬೈಸಿಕೊಳ್ಳಬೇಕು. ಸಂಬಳ ಇಲ್ಲದ ಎರಡನೇ ನೌಕರಿ ಅಂತಾಳೆ ನನ್ನ ಹೆಂಡತಿ. ಅವಳ ಹತ್ತಿರ ವಾದ ಮಾಡಲು ನನ್ನಲ್ಲಿ ಏನೂ ಇಲ್ಲ.

ನನ್ನದು ಹಳೇ ಎಲ್‌ಸಿಡಿ ಪರದೆಯ ಮಾಡೆಲ್. 2023ರ ನವೆಂಬರ್‌ನಲ್ಲಿ ಒಎಲ್‌ಇಡಿ ಮಾಡೆಲ್ ಬಂದ ಮೇಲೆ ಜನ ಹಳೆಯದನ್ನು ಮಾರತೊಡಗಿದರು, ಆಗ ಸೆಕೆಂಡ್ ಹ್ಯಾಂಡ್ ತೊಗೊಂಡೆ. ಇದನ್ನು ತಯಾರಿಸುವ ವಾಲ್ವ್ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಹಾಗಾಗಿ ಹೊರಗಿನಿಂದ ತರಿಸಿ ಮಾರುವ ಅಂಗಡಿಯೇ ಗತಿ. ಆ ಅಂಗಡಿಯ ಪುರಾಣ ಆಮೇಲೆ ಹೇಳ್ತೀನಿ. ಮೊದಲು ಒಳ್ಳೆಯದು ಮಾತಾಡೋಣ.

ಒಳ್ಳೆಯದು ಅಂದರೆ ಪವರ್ ಬಟನ್. ನಗಬೇಡಿ. ಮೇಲಿನ ಅಂಚಿನಲ್ಲಿ, ಬಲಗಡೆ, ಬೆರಳಿಗೆ ಸಿಗುವ ಹಾಗೆ ಒಂದು ಪುಟ್ಟ ಬಟನ್ ಇದೆ. ಒಂದು ಸಲ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಒಂದೆರಡು ಸೆಕೆಂಡಿನಲ್ಲಿ ಆಟ ಬಿಟ್ಟಲ್ಲಿಂದಲೇ ಶುರು. ಸೇವ್ ಮಾಡೋದು ಬೇಡ, ಗೇಮ್ ಮುಚ್ಚೋದು ಬೇಡ. ಒಂದು ಬೆಳಿಗ್ಗೆ ಮೋಹನ್ ಬಗಾನ್ ವಿರುದ್ಧ ನನ್ನ ಬೆಂಗಳೂರು ಎಫ್‌ಸಿ 1-0 ಮುಂದಿತ್ತು. ಎಂಬತ್ತನೇ ನಿಮಿಷ ದಾಟಿತ್ತು, ಅವರಿಗೆ ಕಾರ್ನರ್ ಕಿಕ್. ಚೆಂಡು ಗಾಳಿಯಲ್ಲಿರುವಾಗ ನಾನು ಇಳಿಯುವ ನಿಲ್ದಾಣ ಬಂತು. ಬಟನ್ ಒತ್ತಿ ಬ್ಯಾಗಿಗೆ ಹಾಕಿದೆ. ಆಫೀಸಿನಲ್ಲಿ ಎರಡು ಮೀಟಿಂಗ್ ಮುಗಿಯಿತು, ಬಾಸ್ ಒಂದು ಎಕ್ಸೆಲ್ ಶೀಟಿನ ವಿಷಯಕ್ಕೆ ಕೂಗಾಡಿದರು, ಊಟದ ಡಬ್ಬಿ ತೆರೆದೆ. ಅಷ್ಟು ಹೊತ್ತೂ ಚೆಂಡು ಗಾಳಿಯಲ್ಲೇ ಇತ್ತು! ಮಧ್ಯಾಹ್ನ ಚಿತ್ರಾನ್ನ ತಿನ್ನುತ್ತಾ ಬಟನ್ ಒತ್ತಿದೆ. ನಮ್ಮ ಗೋಲ್‌ಕೀಪರ್ ಎರಡೂ ಕೈಲಿ ಗುದ್ದಿ ಹೊರಗೆ ಹಾಕಿದ. ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಇದೇ ಆಟ ಆಡಿದ್ದೇನೆ, ಇಂಥ ಖುಷಿ ಸಿಕ್ಕಿರಲಿಲ್ಲ.

ನನ್ನ ದಿನಚರಿ ಹೀಗಿದೆ. ಕೆಂಗೇರಿಯಲ್ಲಿ ಮೆಟ್ರೋ ಹತ್ತುತ್ತೇನೆ, ಹೆಚ್ಚಾಗಿ ಸೀಟ್ ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲು ಇನ್‌ಬಾಕ್ಸ್ ನೋಡುವುದು: ಯಾರಿಗೆ ಗಾಯ, ಯಾರಿಗೆ ಮುನಿಸು, ಯಾವ ಏಜೆಂಟ್ ಜಾಸ್ತಿ ದುಡ್ಡು ಕೇಳುತ್ತಿದ್ದಾನೆ. ಅತ್ತಿಗುಪ್ಪೆ ಹೊತ್ತಿಗೆ ಪತ್ರಿಕಾಗೋಷ್ಠಿ. ಅದನ್ನು ನಾನು ಯಾವಾಗಲೂ ಸಹಾಯಕ ಕೋಚ್ ತಲೆಗೆ ಕಟ್ಟುತ್ತೇನೆ. ಒಂದೇ ಪ್ರಶ್ನೆಯನ್ನು ಹತ್ತು ಥರ ಕೇಳುತ್ತಾರೆ, ಯಾರಿಗೆ ಬೇಕು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವ ಮೊದಲು ಹನ್ನೊಂದು ಜನರ ಪಟ್ಟಿ ಮುಗಿದಿರಬೇಕು. ಆಮೇಲೆ ಮೊಣಕೈ ಆಡಿಸಲು ಜಾಗ ಇರಲ್ಲ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಕಿಕ್ ಆಫ್. ಮೇಲೆ ಸ್ವಲ್ಪ ದೂರದಲ್ಲೇ ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಸ್ಟೇಡಿಯಂ ಇದೆ, ಕೆಳಗೆ ಸುರಂಗದಲ್ಲಿ ಅದೇ ತಂಡವನ್ನು ನಾನು ಆಡಿಸುತ್ತಿರುತ್ತೇನೆ. ಇದನ್ನು ಯಾರಿಗೂ ಹೇಳಬಾರದು, ಆದರೆ ಬೇಕಂತಲೇ ಅಲ್ಲಿಯವರೆಗೆ ಕಾಯುತ್ತೇನೆ.

ಮೌಸ್ ಇಲ್ಲದೆ ಹೇಗೆ ಆಡ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಬಲಗಡೆ ಟ್ರ್ಯಾಕ್‌ಪ್ಯಾಡ್ ಇದೆ, ಹೆಬ್ಬೆರಳಿನಲ್ಲಿ ಸವರಿದರೆ ಬಾಣ ಓಡಾಡುತ್ತದೆ. ಬಲ ಟ್ರಿಗರ್ ಒತ್ತಿದರೆ ಕ್ಲಿಕ್. ಎಡ ಪ್ಯಾಡ್‌ಗೆ ಸ್ಕ್ರೋಲ್ ಕೊಟ್ಟಿದ್ದೇನೆ. ಬೆನ್ನ ಹಿಂದಿರುವ ನಾಲ್ಕು ಬಟನ್‌ಗಳಲ್ಲಿ ಒಂದಕ್ಕೆ ಸ್ಪೇಸ್ ಬಾರ್ ಹಾಕಿದ್ದೇನೆ. ಈ ಆಟದಲ್ಲಿ ಸ್ಪೇಸ್ ಬಾರ್ ಅಂದರೆ ‘ಮುಂದುವರಿಸು’. ಉಂಗುರ ಬೆರಳಿನಿಂದ ಒಂದು ಸಲ ಒತ್ತಿದರೆ ಒಂದು ದಿನ ಕಳೆಯಿತು. ಒಂದು ವಾರ ಆಡಿದರೆ ಕೈಗೆ ಬಂದುಬಿಡುತ್ತದೆ. ಆದರೆ ಏಳು ಇಂಚಿನ ಪರದೆಯಲ್ಲಿ ಅಷ್ಟೊಂದು ಕೋಷ್ಟಕ ತುಂಬಿದರೆ ಅಕ್ಷರ ಸಣ್ಣದಾಗದೆ ಇರುತ್ತದೆಯೇ? ನಲವತ್ತು ದಾಟಿದವರು ಕನ್ನಡಕವನ್ನು ಹಣೆಗೆ ಏರಿಸಿ, ಮಷೀನನ್ನು ಮೂಗಿನ ಹತ್ತಿರ ತರಬೇಕು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತುಂಬಾ ಹೊತ್ತು ಇಣುಕಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು: “ಇದೇನಪ್ಪಾ, ಶೇರ್ ಮಾರ್ಕೆಟ್ಟಾ?” ಫುಟ್‌ಬಾಲ್ ಅಂದೆ. “ಚೆಂಡೆಲ್ಲಿ?” ಅಂದರು.

ಇನ್ನು ಗೆಳೆಯರ ವಿಷಯ. ವಾರಾಂತ್ಯದಲ್ಲಿ ನಾವು ನಾಲ್ಕು ಜನ ಒಬ್ಬನ ಮನೆಯಲ್ಲಿ ಸೇರಿ ಪ್ರೀಮಿಯರ್ ಲೀಗ್ ನೋಡುತ್ತೇವೆ. ಅವರಲ್ಲಿ ಒಬ್ಬ ಹಲಸೂರಿನ ಗೌತಮಪುರದವನು, ಫುಟ್‌ಬಾಲ್ ನೆತ್ತರಲ್ಲೇ ಇರುವ ಕೇರಿ ಅದು. ಒಬ್ಬ ಆರ್ಸೆನಲ್ ಭಕ್ತ. ನಾನು ಮತ್ತು ಮನೆಯವನು ಮ್ಯಾಂಚೆಸ್ಟರ್ ಯುನೈಟೆಡ್, ಅಂದರೆ ಇತ್ತೀಚಿನ ವರ್ಷಗಳಲ್ಲಿ ಬೈಸಿಕೊಳ್ಳುವ ಪಾರ್ಟಿ. ಹಾಫ್ ಟೈಮ್‌ನಲ್ಲಿ ಡೆಕ್ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದು ನಿರ್ಧಾರ: ಒಬ್ಬ ಸಬ್‌ಸ್ಟಿಟ್ಯೂಟ್ ಇಳಿಸುತ್ತಾನೆ, ಒಬ್ಬ ಆಟಗಾರರಿಗೆ ಬೈಯುತ್ತಾನೆ. ಇದಕ್ಕೆಂದು ನಾನು ಈ ಮಷೀನ್ ಕೊಂಡಿರಲಿಲ್ಲ. ಟಿವಿಯಲ್ಲಿ ಒಬ್ಬ ಕೋಚ್ ಬೆವರುತ್ತಿರುತ್ತಾನೆ, ಇಲ್ಲಿ ನಮ್ಮ ಮಡಿಲಲ್ಲಿ ನಮ್ಮದೇ ಕುರ್ಚಿ ಅಲ್ಲಾಡುತ್ತಿರುತ್ತದೆ.

ಅಲ್ಲಾಡುತ್ತದೆ ಅಂದೆನಲ್ಲ, ಅದು ನಿಜ. ಆಟದಲ್ಲಿ ನಿಮ್ಮ ನೌಕರಿ ಎಷ್ಟು ಭದ್ರ ಅಂತ ಒಂದು ಕಡೆ ಬರೆದಿರುತ್ತದೆ. ಸತತ ಸೋತರೆ ಮಂಡಳಿ ಮೀಟಿಂಗ್‌ಗೆ ಕರೆಯುತ್ತದೆ. ಮುಂದಿನ ಇಷ್ಟು ಪಂದ್ಯದಲ್ಲಿ ಇಷ್ಟು ಪಾಯಿಂಟ್ ತರ್ತೀನಿ ಅಂತ ಮಾತು ಕೊಟ್ಟು ಬರಬೇಕು. ನನಗೆ ಐದು ಪಂದ್ಯ, ಹತ್ತು ಪಾಯಿಂಟ್ ಗಡುವು ಸಿಕ್ಕಿತ್ತು. ಅದನ್ನು ಕೇಳಿ ಗೌತಮಪುರದವನು ನಕ್ಕ. “ಗುರು, ನಿಂಗೆ ಐದು ಮ್ಯಾಚ್ ಕೊಟ್ರಲ್ಲ, ಗ್ರೇಸನ್‌ಗೆ ಯಾರು ಕೊಟ್ರು?” ಸೈಮನ್ ಗ್ರೇಸನ್ 2022ರಲ್ಲಿ ಬೆಂಗಳೂರು ಎಫ್‌ಸಿಗೆ ಡುರಾಂಡ್ ಕಪ್ ತಂದುಕೊಟ್ಟ ಕೋಚ್. 2023ರ ಡಿಸೆಂಬರ್‌ನಲ್ಲಿ ಇದೇ ಕಂಠೀರವದಲ್ಲಿ ಮುಂಬೈ ಸಿಟಿ ಕೈಲಿ 4-0 ಸೋತ ಕೂಡಲೇ ಅವರ ಕೆಲಸ ಹೋಯಿತು. ಅವರಿಗಿಂತ ಮೊದಲು ಕಾರ್ಲೆಸ್ ಕ್ವಾದ್ರಾತ್. 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆಲ್ಲಿಸಿದರು, 2021ರ ಜನವರಿಯಲ್ಲಿ ಹೊರಟರು. ಗೌತಮಪುರದವನು ಆ ಎರಡೂ ಸಲ ಬೈದವನೇ. ಈಗ ನನ್ನ ಡೆಕ್ ಕೈಗೆ ಬಂದರೆ ಮಾತ್ರ ಮೊದಲು ನೌಕರಿ ಭದ್ರತೆಯ ಪುಟ ತೆರೆದು, ತುಟಿ ಕಚ್ಚಿಕೊಂಡು ಓದುತ್ತಾನೆ.

2025ರ ಆಗಸ್ಟ್‌ನ ಆ ರಾತ್ರಿ ನೆನಪಿರಬಹುದು. ಲೀಗ್ ಕಪ್‌ನಲ್ಲಿ ಯುನೈಟೆಡ್ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ವಿರುದ್ಧ ಆಡಿತು. ನಮಗೆ ಅದು ಮಧ್ಯರಾತ್ರಿ ದಾಟಿದ ಹೊತ್ತು. 2-2 ಆಗಿ, ಪೆನಾಲ್ಟಿಯಲ್ಲಿ 12-11ಕ್ಕೆ ಸೋತರು. ಮಧ್ಯೆ ಕ್ಯಾಮೆರಾ ಡಗ್‌ಔಟ್ ತೋರಿಸಿತು. ಕೋಚ್ ರೂಬೆನ್ ಅಮೊರಿಮ್ ಕುಗ್ಗಿ ಕೂತು, ಪುಟ್ಟ ಟ್ಯಾಕ್ಟಿಕ್ಸ್ ಬೋರ್ಡ್ ಮೇಲೆ ಬಿಲ್ಲೆಗಳನ್ನು ಅತ್ತ ಇತ್ತ ಸರಿಸುತ್ತಿದ್ದರು. ನಾನೂ ಹಾಗೇ ಕುಗ್ಗಿ ಕೂತು ಡೆಕ್ ಮೇಲೆ ಹೆಬ್ಬೆರಳು ಆಡಿಸುತ್ತಿದ್ದೆ. ಆರ್ಸೆನಲ್‌ನವನು ನಮ್ಮಿಬ್ಬರನ್ನೂ ನೋಡಿ, “ಮಗಾ, ಇಬ್ರಲ್ಲಿ ಯಾರು ಮೊದ್ಲು ಮನೆಗೆ ಹೋಗೋದು?” ಅಂದ. ನಾನೇ ಹೋದೆ, ಅಕ್ಟೋಬರ್‌ನಲ್ಲಿ, ಆಟದಲ್ಲಿ ನೌಕರಿ ಕಳೆದುಕೊಂಡು. ಅಮೊರಿಮ್ 2026ರ ಜನವರಿಯವರೆಗೆ ತಡೆದರು.

ಟೋಟನ್‌ಹ್ಯಾಮ್ ಕೋಚ್ ಆಗಿದ್ದ ಪೋಸ್ಟೆಕೊಗ್ಲು ಕಥೆ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ. 2025ರ ಮೇನಲ್ಲಿ ಯುರೋಪಾ ಲೀಗ್ ಗೆದ್ದರು (ನಮ್ಮನ್ನೇ ಸೋಲಿಸಿ, ಇರಲಿ). ಲೀಗಿನಲ್ಲಿ ತಂಡ 17ನೇ ಸ್ಥಾನ. ಗೆದ್ದು 16 ದಿನಕ್ಕೆ ಕೆಲಸ ಹೋಯಿತು. ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು, ಅಲ್ಲಿ 39 ದಿನ. ಚೆಲ್ಸಿ ಎದುರು 3-0 ಸೋತು ಸೀಟಿ ಊದಿದ ಕೆಲವೇ ನಿಮಿಷದಲ್ಲಿ ಕಳಿಸಿಬಿಟ್ಟರು. ಕಪ್ ಗೆದ್ದವನನ್ನು ತೆಗೆಯಬಾರದಿತ್ತು ಅನ್ನೋದು ಮನೆಯವನ ವಾದ. 17ನೇ ಸ್ಥಾನಕ್ಕೆ ಇಳಿದರೆ ದೇವರನ್ನೂ ತೆಗೀಬೇಕು ಅನ್ನೋದು ಆರ್ಸೆನಲ್‌ನವನದು. ನನ್ನ ಅಭಿಪ್ರಾಯ ಕೇಳಿದರೆ, ಗೇಮ್‌ನ ಮಂಡಳಿ ಇವರಿಗಿಂತ ವಾಸಿ. ಕಡೇಪಕ್ಷ ಕರೆದು ಕೂರಿಸಿ ಮಾತಾಡುತ್ತದೆ.

ಈಗ ಅಂಗಡಿಯ ಪುರಾಣ. ಒಂದು ದಿನ ಬಲ ಟ್ರಿಗರ್ ಅರ್ಧಕ್ಕೆ ನಿಂತುಬಿಟ್ಟಿತು. ನನಗೆ ಅದೇ ಕ್ಲಿಕ್, ಅದಿಲ್ಲದಿದ್ದರೆ ಏನೂ ಇಲ್ಲ. ಮಾರಿದವರ ಹತ್ತಿರ ಹೋದೆ. ಕೊಡುವಾಗ “ಫುಲ್ ವಾರಂಟಿ ಸರ್, ನಾವಿದೀವಲ್ಲ” ಅಂದಿದ್ದರು. ಆ ವಾರಂಟಿ ಬಿಲ್ಲಿನ ಹಿಂದೆ ಬಾಲ್ ಪೆನ್ನಲ್ಲಿ ಬರೆದ ಒಂದು ಸಾಲು. ಈಗ “ದುಬೈಗೆ ಕಳಿಸಬೇಕು ಸರ್, ಬಿಟ್ಟು ಹೋಗಿ” ಅಂದರು. ಬಿಟ್ಟು ಬಂದೆ. ಫೋನ್ ಮಾಡಿದಾಗಲೆಲ್ಲ ನಾಳೆ, ನಾಡಿದ್ದು. ವಾರಗಳು ಕಳೆದವು. ಮಧ್ಯೆ ಒಂದು ಶನಿವಾರ ನಾನೇ ಹೋಗಿ ನೋಡಿದರೆ, ಡೆಕ್ ಅದೇ ಗಲ್ಲಾಪೆಟ್ಟಿಗೆಯ ಕೆಳಗೆ, ನಾನು ಕೊಟ್ಟ ಅದೇ ಬಟ್ಟೆ ಚೀಲದಲ್ಲಿ, ನಾನೇ ಹಾಕಿದ ಗಂಟಿನ ಸಮೇತ ಕೂತಿತ್ತು. ಜಗಳ ಮಾಡಲು ಬಾಯಿ ಬರಲಿಲ್ಲ. ಎತ್ತಿಕೊಂಡು ಬಂದೆ.

ನಮ್ಮ ಬೀದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಇದ್ದಾನೆ. ಅವನು ಜೀವನದಲ್ಲಿ ಸ್ಟೀಮ್ ಡೆಕ್ ನೋಡಿರಲಿಲ್ಲ. ಆದರೆ ಇದನ್ನು ಬಿಚ್ಚುವ ಕ್ರಮ ರಿಪೇರಿ ಕಲಿಸುವ ಐಫಿಕ್ಸಿಟ್ ವೆಬ್‌ಸೈಟಿನಲ್ಲಿ ಫೋಟೋ ಸಮೇತ ಇದೆ. ಬಿಡಿಭಾಗಕ್ಕೂ ವಾಲ್ವ್ ಅವರೊಂದಿಗೇ ಒಪ್ಪಂದ ಮಾಡಿಕೊಂಡಿದೆ. ನನ್ನ ಫೋನಿನಲ್ಲಿ ಅದನ್ನು ತೆರೆದು ಇಟ್ಟೆ. ಹಿಂದಿನ ಎಂಟು ಸ್ಕ್ರೂ ಬಿಚ್ಚಿ, ಒಂದು ತಟ್ಟೆಯಲ್ಲಿ ಉದ್ದ-ಗಿಡ್ಡ ಬೇರೆ ಮಾಡಿ ಇಟ್ಟುಕೊಂಡ. ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಬಿಡಿಸಿದ. ಟ್ರಿಗರ್ ಕೆಳಗೆ ಟಾರ್ಚ್ ಹಾಕಿ, ಚಿಮಟದಿಂದ ಏನನ್ನೋ ಎತ್ತಿ ಗಾಜಿನ ಮೇಲೆ ಇಟ್ಟ. ಕಾಂಗ್ರೆಸ್ ಕಡಲೆಕಾಯಿಯ ಒಂದು ಚೂರು! ಖಾರದಪುಡಿ, ಕರಿಬೇವಿನ ಸಮೇತ. ಶನಿವಾರದ ಬೈಠಕ್‌ನದೇ. ಯಾರ ಬೆರಳಿನಿಂದ ಬಿತ್ತು ಅಂತ ಇವತ್ತಿಗೂ ಯಾರೂ ಒಪ್ಪುತ್ತಿಲ್ಲ. ಹುಡುಗ ಬ್ರಷ್ ಆಡಿಸಿ ಮುಚ್ಚಿಕೊಟ್ಟ, ಇನ್ನೂರು ರೂಪಾಯಿ ತೊಗೊಂಡ. ಕೋಪ ಅಲ್ಲೇ ಅರ್ಧ ಇಳಿಯಿತು. ಈಗ ನಮ್ಮಲ್ಲಿ ಕಡಲೆಕಾಯಿ ತಿಂದವರು ಕೈ ತೊಳೆಯದೆ ಕೋಚ್ ಆಗುವಂತಿಲ್ಲ.

ಕೆಲವರು ಹೊಸ ಫುಟ್‌ಬಾಲ್ ಮ್ಯಾನೇಜರ್ ಬಗ್ಗೆ ಕೇಳುತ್ತಾರೆ. 2025ರ ಆವೃತ್ತಿಯನ್ನು ಕಂಪನಿಯೇ ರದ್ದು ಮಾಡಿತು. 2026ರದ್ದು 2025ರ ನವೆಂಬರ್ 4ಕ್ಕೆ ಬಂತು, ಯುನಿಟಿ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) ಮೇಲೆ, ಮಹಿಳಾ ಫುಟ್‌ಬಾಲ್ ಸೇರಿಸಿಕೊಂಡು. ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಮೊದಲ ದಿನಗಳಲ್ಲಿ ಜನ ಚೆನ್ನಾಗಿಯೇ ಬೈದರು, ಮುಖ್ಯವಾಗಿ ಬದಲಾದ ಮೆನುಗಳಿಗೆ. ನಾನು ಕೊಂಡಿಲ್ಲ. 2024ರಲ್ಲೇ ಇದ್ದೇನೆ. ಹೊಸ ವರ್ಗಾವಣೆಗಳ ಪಟ್ಟಿಯನ್ನು ಅಭಿಮಾನಿಗಳೇ ಮಾಡಿ ಪುಕ್ಕಟೆ ಹಂಚುತ್ತಾರೆ, ಅದನ್ನು ಹಾಕಿಕೊಂಡರೆ ಸಾಕು. ಮಗಳ ಸ್ಕೂಲ್ ಫೀಸ್ ಕಟ್ಟುವ ತಿಂಗಳಲ್ಲಿ ಇದಕ್ಕಿಂತ ಹೆಚ್ಚಿಗೆ ನನಗಾಗಲ್ಲ.

ಯಾರಿಗೆ ಬೇಡ ಅಂತ ಹೇಳಿಬಿಡ್ತೀನಿ. ಬಸ್ಸಲ್ಲಿ ನಿಂತು ಹೋಗುವವರಿಗೆ ಬೇಡ, ಸುಮಾರು 670 ಗ್ರಾಂ ಭಾರ, ಎರಡೂ ಕೈ ಬೇಕು. ಚಾರ್ಜರ್ ತಂತಿ ಮೇಲಿನಿಂದ ಚುಚ್ಚಬೇಕು, ಮಲಗಿ ಆಡುವಾಗ ಅದು ಮೂಗಿಗೆ ತಾಗುತ್ತದೆ. ಹಾಗೂ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ಕಂಟ್ರೋಲರ್ ಪರೀಕ್ಷೆ ಮಾಡಿ, ಒಂದೊಂದು ಬಟನ್ ಒತ್ತಿ ನೋಡಿ. ಬೆನ್ನಿನ ನಾಲ್ಕನ್ನು ಮರೀಬೇಡಿ. ವಾರಂಟಿಯ ಮಾತು ಬಂದರೆ ಬಿಲ್ಲಿನ ಮುಂದಿನ ಪುಟದಲ್ಲೇ, ಸೀಲ್ ಹಾಕಿಸಿ ಬರೆಸಿಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಕಿತ್ತ ಒಂದು ಸ್ಟಾರ್ ಅಂಗಡಿಯವರ ಲೆಕ್ಕಕ್ಕೆ, ಮಷೀನಿನದಲ್ಲ.