ಮಡಿ ಬಟ್ಟೆಗೆ ಸೀಲಿಂಗ್ ಹ್ಯಾಂಗರ್: ಭಾಗಮಂಡಲದ ಮಳೆಯಲ್ಲಿ ಬಳಸಿ ನೋಡಿದ್ದು

ಹಗ್ಗ ಎಳೆದರೆ ಮೇಲೇರುವ, ಸಡಿಲಿಸಿದರೆ ಕೆಳಗಿಳಿಯುವ ಆರು ಸ್ಟೀಲ್ ಪೈಪುಗಳ ಸೀಲಿಂಗ್ ಹ್ಯಾಂಗರನ್ನು ಪೇಟೆಯ ಫ್ಲ್ಯಾಟುಗಳವರು ಬಾಲ್ಕನಿಯಲ್ಲಿ ಜಾಗ ಉಳಿಸಲೆಂದು ಕೊಳ್ಳುತ್ತಾರೆ. ಜಾಗಕ್ಕೆ ಕೊರತೆಯಿಲ್ಲದ, ಬಿಸಿಲಿಗೆ ಮಾತ್ರ ಕೊರತೆಯಿರುವ ಭಾಗಮಂಡಲದ ಕಡೆಯ ನಮ್ಮ ಪೌರೋಹಿತ್ಯದ ಮನೆಗೆ ಅದು ಬೇರೆಯೇ ಕಾರಣಕ್ಕೆ ಬೇಕಾಯಿತು. ತುಲಾ ಮಾಸವಿಡೀ ಅದನ್ನು ದುಡಿಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಬಳಿಕ ಒಂದು ತಿಂಗಳ ಕಾಲ ಯಾತ್ರಿಕರು ಬರುತ್ತಲೇ ಇರುತ್ತಾರೆ. ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮದಲ್ಲಿ ಮಿಂದು ಹಿರಿಯರಿಗೆ ಪಿಂಡ ಇಡುವವರು ಅವರಲ್ಲಿ ಬಹಳ ಮಂದಿ. ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುವುದರಿಂದ ತೀರ್ಥೋದ್ಭವವು 2023ರಲ್ಲಿ ನಡುರಾತ್ರಿ ಕಳೆದ ಮೇಲೆ, 2024ರಲ್ಲಿ ಬೆಳಿಗ್ಗೆ, 2025ರಲ್ಲಿ ಮಧ್ಯಾಹ್ನ ಆಯಿತು. ಮನೆಯವರ ಊಟ, ನಿದ್ದೆ, ಮಕ್ಕಳನ್ನು ಶಾಲೆಗೆ ಹೊರಡಿಸುವುದು ಎಲ್ಲವೂ ಆ ದಿನಗಳಲ್ಲಿ ಸಂಗಮದ ಜನಸಂದಣಿಗೆ ಹೊಂದಿಕೊಂಡೇ ನಡೆಯಬೇಕು. ಮಾವನವರು, ನಮ್ಮ ಯಜಮಾನರು, ಸಹಾಯಕ್ಕೆಂದು ಬಂದಿಳಿಯುವ ನೆಂಟರು ಹೀಗೆ ಮನೆಯ ಗಂಡಸರೆಲ್ಲ ಹಗಲಿಗೆ ಎರಡು ಸಲ ಸ್ನಾನ ಮಾಡಿ ಪ್ರತಿ ಸಲವೂ ಬೇರೆ ಮಡಿ ಉಡುವವರು. ಹಿಂಗಾರು ಮಳೆ ಹಿಡಿದುಕೊಂಡಿತೆಂದರೆ ಅಷ್ಟು ಪಂಚೆ, ಶಲ್ಯಗಳು ಒಣಗುವುದೆಲ್ಲಿಂದ ಬಂತು? ಒದ್ದೆಯನ್ನೇ ಹಿಂಡಿ ಉಟ್ಟುಕೊಂಡು ಕರ್ಮ ಮಾಡಿಸಿದರೆ ಯಾತ್ರಿಕರಿಗೆ ನಿಷ್ಠೆಯಾಗಿ ಕಾಣುತ್ತದೆ, ರಾತ್ರಿ ಕಷಾಯ ಕುದಿಸುವವರಿಗೆ ಮಾತ್ರ ಅದರ ನಿಜ ಗೊತ್ತು.

ಇದುವರೆಗೆ ಬಚ್ಚಲ ಒಲೆಯ ಮೇಲೆ ಕಟ್ಟಿದ್ದ ಬಿದಿರಿನ ಗಳಕ್ಕೆ ಮಡಿಕೋಲಿನಿಂದ ಬಟ್ಟೆ ಎತ್ತಿ ಹಾಕುತ್ತಿದ್ದೆವು. ಬಟ್ಟೆ ಒಣಗುತ್ತಿತ್ತು, ಜೊತೆಗೆ ಹೊಗೆಯ ವಾಸನೆಯೂ ಮಸಿಯೂ ಅಂಟುತ್ತಿದ್ದವು. ಮಂಡಿನೋವಿನ ಅತ್ತೆಯವರಿಗೆ ಕೋಲು ಎತ್ತುವುದೂ ಕಷ್ಟವಾಗಿತ್ತು. ಹ್ಯಾಂಗರನ್ನು ಒಲೆಯಿಂದ ಆಚೆ, ಅದರ ಬಿಸಿ ತಲುಪುವಷ್ಟು ದೂರದ ಪಡಸಾಲೆಯಲ್ಲಿ ಕಟ್ಟಿಸಿದೆವು. ಎಂಟು ಮೊಳದ ಪಂಚೆಯನ್ನು ಒಮ್ಮೆ ಮಡಿಸಿದರೆ ಆರು ಅಡಿಯ ಪೈಪಿಗೆ ಸರಿಯಾಗಿ ಕೂರುತ್ತದೆ. ರಾತ್ರಿ ಹಾಕಿದ್ದು ಬೆಳಗಿನ ಜಾವಕ್ಕೆ ಪೂರ್ತಿ ಒಣಗದಿದ್ದರೂ ಉಡುವ ಹದಕ್ಕೆ ಬರುತ್ತದೆ, ಮಳೆ ಬಿಟ್ಟ ದಿನ ಗರಿಗರಿಯಾಗಿಯೇ ಸಿಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪೈಪು ಎಂದು ಗೊತ್ತುಮಾಡಿ, ಹಗ್ಗದ ತುದಿಗೆ ಬೇರೆ ಬೇರೆ ಬಣ್ಣದ ನೂಲು ಕಟ್ಟಿದ್ದೇವೆ; ಮಾವನವರ ಪಂಚೆ ಇಳಿಸಲು ಹೋಗಿ ಉಳಿದವರದ್ದನ್ನು ಮುಟ್ಟುವ ಪ್ರಮೇಯ ಬರುವುದಿಲ್ಲ.

ಶಾಲೆಯಿಂದ ಬಂದ ಮಕ್ಕಳು ಹಗ್ಗ ಮುಟ್ಟಿದರೆ ಮೇಲಿರುವ ಬಟ್ಟೆಯ ಮಡಿ ಕೆಡುವುದೇ ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತು. ಮಾವನವರು ಯೋಚಿಸುತ್ತಿರುವಾಗಲೇ ಅತ್ತೆಯವರು, “ಬಾವಿ ಹಗ್ಗಕ್ಕಿಲ್ಲದ ಮೈಲಿಗೆ ಇದಕ್ಕೇಕೆ?” ಎಂದು ತೀರ್ಪು ಕೊಟ್ಟರು. ಕೊಳ್ಳಬೇಕೆಂದಿರುವ ವೈದಿಕರ ಮನೆಗಳವರು ಈ ವಿಷಯವನ್ನು ತಮ್ಮ ಹಿರಿಯರೊಂದಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ದೋಷಗಳು. ಪೆಟ್ಟಿಗೆಯೊಂದಿಗೆ ಬರುವ ತಿರುಪುಗಳು ಕಾಂಕ್ರೀಟ್ ತಾರಸಿಗಾಗಿ ಇರುವಂಥವು. ಜೋಡಿಸಲು ಬಂದ ಕಂಪನಿಯ ಹುಡುಗ ನಮ್ಮ ಹೆಂಚಿನ ಮಾಡನ್ನು ಕಂಡು, ಇದು ತನ್ನ ಕೆಲಸವಲ್ಲವೆಂದು ಹಿಂದಿರುಗಿದ. ಊರಿನ ಬಡಗಿಯೇ ಎರಡು ಜಂತಿಗಳ ನಡುವೆ ದಪ್ಪ ಹಲಗೆ ಕೊಟ್ಟು, ಮರದ ತಿರುಪು ಹಾಕಿ ನಿಲ್ಲಿಸಿಕೊಟ್ಟರು. ಪೈಪುಗಳ ನಡುವಿನ ಅಂತರ ಬಹಳ ಕಡಿಮೆ. ಆರಕ್ಕೆ ಆರನ್ನೂ ತುಂಬಿದರೆ ಗಾಳಿಯಾಡದೆ ನಡುವಿನ ಬಟ್ಟೆಗಳು ಮುಗ್ಗಲು ವಾಸನೆ ಹೊಡೆಯುತ್ತವೆ, ಆದ್ದರಿಂದ ದಪ್ಪ ಬಟ್ಟೆಯಿರುವಾಗ ಒಂದು ಬಿಟ್ಟು ಒಂದಕ್ಕೆ ಹಾಕುವುದೇ ಸರಿ. ಎಲ್ಲಕ್ಕಿಂತ ಬೇಸರ ತರಿಸಿದ್ದು ಪ್ಲಾಸ್ಟಿಕ್ ರಾಟೆಗಳು. ಜಾತ್ರೆಯ ಗದ್ದಲದ ನಡುವೆ ಒಂದು ರಾಟೆ ಸೀಳಿ, ಹಗ್ಗ ಸಿಕ್ಕಿಕೊಂಡು, ಪೈಪು ಒಂದು ಪಕ್ಕಕ್ಕೆ ವಾಲಿತು. ದೂರು ಕೊಟ್ಟರೆ ಬಿಡಿಭಾಗ ಬಂದದ್ದು ಜಾತ್ರೆ ಮುಗಿದ ಮೇಲೆ.

ಎರಡು ಸಾವಿರ ರೂಪಾಯಿಗೆ ತುಸು ಮೇಲ್ಪಟ್ಟ ಬೆಲೆಗೆ ಇದು ದುಬಾರಿಯೇನಲ್ಲ. ನವರಾತ್ರಿಗೆ ಮೊದಲೇ ತರಿಸಿ, ಬಡಗಿಯಿಂದ ಕಟ್ಟಿಸಿ, ರಾಟೆ ಲೋಹದ್ದೇ ಎಂದು ಖಾತ್ರಿ ಮಾಡಿಕೊಂಡು, ಹೆಚ್ಚಿಗೆ ಒಂದು ಸುರುಳಿ ನೈಲಾನ್ ಹಗ್ಗವನ್ನು ಮನೆಯಲ್ಲಿಟ್ಟುಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳಬಹುದು. ನಾವು ಎರಡನೆಯದಕ್ಕೆ ಹೇಳಿಯಾಗಿದೆ, ಆದರೆ ಬೇರೆ ಕಂಪನಿಯದಕ್ಕೆ.